ವಾರಕ್ಕೊಂದು ಗಂಟೆಯ ಮನೆ ಭೇಟಿ: ಕಿಂಗ್‌ಸ್ಟನ್‌ನಿಂದ ನಮ್ಮ ಅಂಗನವಾಡಿಯವರೆಗೆ

ತರಬೇತಿ ಪಡೆದ ಕಾರ್ಯಕರ್ತೆಯೊಬ್ಬರು ಎಳೆಯ ಮಕ್ಕಳಿರುವ ಮನೆಗೆ ಹೋಗಿ, ಮಗುವನ್ನು ಮಾತನಾಡಿಸುವುದು, ಆಡಿಸುವುದು ಹೇಗೆಂದು ತಾಯಿಗೆ ತೋರಿಸಿಕೊಟ್ಟರೆ ಆ ಮಗುವಿನ ಮುಂದಿನ ಬದುಕು ಬದಲಾಗುತ್ತದೆಯೇ? ಮಗು ದೊಡ್ಡದಾದ ಮೇಲೆ ಅದರ ಗಳಿಕೆ ಶೇ 25ರಷ್ಟು ಹೆಚ್ಚಿತೆಂದು ಒಂದು ಅಧ್ಯಯನ ಹೇಳಿದರೆ, ಎರಡೇ ವರ್ಷಗಳಲ್ಲಿ ಲಾಭವೆಲ್ಲ ಅಳಿಸಿಹೋಯಿತೆಂದು ಇನ್ನೊಂದು ಹೇಳುತ್ತದೆ. ಎರಡೂ ಶ್ರದ್ಧೆಯಿಂದ ನಡೆದ ಅಧ್ಯಯನಗಳೇ. ಅವು ಹೀಗೆ ಬೇರೆಯಾದುದು ಏಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಎಲ್ಮೈರಾ ಪಟ್ಟಣದಲ್ಲಿ ಡೇವಿಡ್ ಓಲ್ಡ್ಸ್ 1970ರ ದಶಕದ ಕೊನೆಯಲ್ಲಿ ಚೊಚ್ಚಲ ಗರ್ಭಿಣಿಯರ ಮನೆಗೆ ದಾದಿಯರನ್ನು ಕಳುಹಿಸಿ ಆರಂಭಿಸಿದ ಪ್ರಯೋಗ ಅಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿ ಬೆಳೆಯಿತು. ಅದೇ ಮಾದರಿಯನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದಾಗ, ಮುಖ್ಯ ಅಳತೆಗಳಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂದು 2016ರ ವರದಿ ತಿಳಿಸಿತು. ಎಲ್ಲ ತಾಯಂದಿರಿಗೂ ಸಿಗುವ ಸಾಮಾನ್ಯ ಸೇವೆಯೇ ಅಲ್ಲಿ ಗಟ್ಟಿಯಾಗಿದ್ದುದು ಇದಕ್ಕೆ ಕಾರಣವಿರಬಹುದೆಂಬ ವಿವರಣೆಯಿದೆ.

ಬಡ ದೇಶಗಳಿಗೆ ದಾರಿ ತೋರಿಸಿದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್. ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಅವರ ಸಂಗಡಿಗರು 1986-87ರಲ್ಲಿ ಅಲ್ಲಿನ ಬಡ ಬಡಾವಣೆಗಳಿಂದ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಆರಿಸಿಕೊಂಡರು. ಮಕ್ಕಳೆಲ್ಲ 9ರಿಂದ 24 ತಿಂಗಳವರು. ಅವರನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿ ಆಧಾರಿತ ಪೂರಕ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ಗಂಟೆಯ ಆಟದ ಭೇಟಿ, ಮೂರನೆಯದಕ್ಕೆ ಇವೆರಡನ್ನೂ ಕೊಟ್ಟು, ನಾಲ್ಕನೆಯದನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಎರಡು ವರ್ಷ ಮನೆಮನೆಗೆ ನಡೆದವರು ವೈದ್ಯರಲ್ಲ, ಸ್ಥಳೀಯ ಆರೋಗ್ಯ ಸಹಾಯಕಿಯರು. ಖಾಲಿ ಬಾಟಲಿ, ರಟ್ಟಿನ ತುಂಡುಗಳಿಂದ ಮಾಡಿದ ಆಟಿಕೆಗಳನ್ನು ಅವರು ಮನೆಯಲ್ಲೇ ಬಿಟ್ಟು, ಮುಂದಿನ ವಾರ ಬದಲಿಸುತ್ತಿದ್ದರು. ತಾಯಿಯ ಆತ್ಮವಿಶ್ವಾಸ ಹೆಚ್ಚಿಸುವುದೂ ಭೇಟಿಯ ಉದ್ದೇಶವೇ ಆಗಿತ್ತು. ಈ ಸಂಶೋಧನೆಯ ಹಿರಿಮೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಭೇಟಿ ಮುಗಿದ ಮೇಲೂ ಮಗುವಿನೊಡನೆ ಆರು ದಿನ ಉಳಿಯುವವಳು ತಾಯಿಯಲ್ಲವೇ?

ಪೂರಕ ಆಹಾರದಿಂದ ಬುದ್ಧಿ ಬೆಳವಣಿಗೆಗೆ ಆದ ಲಾಭ ಕೆಲವು ವರ್ಷಗಳಲ್ಲಿ ಕರಗಿತು, ಆಟದ ಭೇಟಿಯ ಲಾಭ ಹದಿಹರೆಯದವರೆಗೂ ಉಳಿಯಿತು. ಸುಮಾರು 20 ವರ್ಷಗಳ ನಂತರ ಆ 129 ಮಂದಿಯಲ್ಲಿ 105 ಮಂದಿಯನ್ನು ಮತ್ತೆ ಹುಡುಕಿ ಮಾತನಾಡಿಸಿದಾಗ, ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. 2014ರಲ್ಲಿ ಪ್ರಕಟವಾದ ಈ ಅಂಕಿ ಅಂದಿನಿಂದ ಯೋಜನಾ ದಾಖಲೆಗಳಲ್ಲಿ ಸುತ್ತುತ್ತಿದೆ, ಆದರೆ 129 ಎಂಬ ಸಂಖ್ಯೆ ಅದರ ಜೊತೆಗೆ ಪಯಣಿಸುವುದು ಅಪರೂಪ.

ಸಣ್ಣ ಪ್ರಯೋಗವನ್ನು ಸಾವಿರಾರು ಮನೆಗಳಿಗೆ ಹಿಗ್ಗಿಸಹೊರಟಾಗ ತೊಡಕು ಶುರುವಾಯಿತು. ಕೊಲಂಬಿಯಾದ 96 ಪುರಸಭಾ ವ್ಯಾಪ್ತಿಗಳಲ್ಲಿ 1,420 ಮಕ್ಕಳನ್ನು ಒಳಗೊಂಡ ಪ್ರಯೋಗದಲ್ಲಿ, ಊರಿನ ತಾಯಂದಿರನ್ನೇ ತರಬೇತುಗೊಳಿಸಿ ಒಂದು ಭಾಗದ ಮಕ್ಕಳಿಗೆ 18 ತಿಂಗಳು ಇದೇ ಪಾಠವನ್ನು ನಡೆಸಲಾಯಿತು. ಮುಗಿದ ಕೂಡಲೇ ಮಕ್ಕಳ ಗ್ರಹಿಕೆಯಲ್ಲಿ ಸ್ಪಷ್ಟ ಸುಧಾರಣೆ ಕಂಡಿತು, ಎರಡು ವರ್ಷದ ನಂತರ ಅದರ ಗುರುತು ಸಿಗಲಿಲ್ಲ. ಒಡಿಶಾದ 192 ಹಳ್ಳಿಗಳಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗ ಮನೆ ಭೇಟಿಯನ್ನೂ ತಾಯಂದಿರ ಗುಂಪು ಸಭೆಯನ್ನೂ ಹೋಲಿಸಿ ನೋಡಿತು. ಮಕ್ಕಳ ಗ್ರಹಿಕೆಗೆ ಎರಡರಿಂದಲೂ ಹೆಚ್ಚುಕಡಿಮೆ ಒಂದೇ ಲಾಭವಾಯಿತು, ಗುಂಪು ಸಭೆಯ ವೆಚ್ಚ ಮಾತ್ರ ಬಹಳ ಕಡಿಮೆಯಿತ್ತು. ನಮ್ಮಂಥ ದೇಶಕ್ಕೆ ಇದು ಸಮಾಧಾನದ ಸುದ್ದಿ.

ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರಲ್ಲಿ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರ ಮೊದಲ 33 ತಾಣಗಳಲ್ಲೊಂದು. ಆದರೆ ದಶಕಗಳ ಕಾಲ ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿಯೆಂದರೆ ತೂಕ, ಲಸಿಕೆ, ಮನೆಗೆ ಕೊಡುವ ಆಹಾರದ ಪೊಟ್ಟಣ. ಆಟ-ಪಾಠವೆಲ್ಲ ಮೂರು ತುಂಬಿದವರಿಗೆ. 2024ರಲ್ಲಿ ಕೇಂದ್ರ ಸರ್ಕಾರ ‘ನವಚೇತನಾ’ ಎಂಬ ಚೌಕಟ್ಟನ್ನು ಹೊರತಂದು, ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಮಕ್ಕಳ ಪ್ರಚೋದನೆಗೆ, ಅಂದರೆ ಮಾತು-ಆಟಗಳಿಂದ ಅವರ ಬುದ್ಧಿ ಬೆಳೆಸುವುದಕ್ಕೆ, ಚಟುವಟಿಕೆಗಳನ್ನು ಸೂಚಿಸಿತು. ಅವನ್ನು ತಾಯಿಗೆ ತಲುಪಿಸಬೇಕಾದವರು ಅದೇ ಅಂಗನವಾಡಿ ಕಾರ್ಯಕರ್ತೆ, ಅದೇ ಆಶಾ. ಪೋಷಣೆಯ ಲೆಕ್ಕವನ್ನು ಮೊಬೈಲಿಗೆ ತುಂಬುವುದು, ಸಮೀಕ್ಷೆಗೆ ಹೋಗುವುದು ಈಗಲೂ ಅಂಗನವಾಡಿ ಕಾರ್ಯಕರ್ತೆಯ ಕೆಲಸದಲ್ಲೇ ಸೇರಿವೆ. 2018ರಿಂದ ಜಾರಿಯಲ್ಲಿರುವ ಮನೆ ಆಧಾರಿತ ಶಿಶು ಆರೈಕೆಯಲ್ಲಿ ಆಶಾ ಕಾರ್ಯಕರ್ತೆ ಮಗುವಿಗೆ 3, 6, 9, 12 ಮತ್ತು 15 ತಿಂಗಳಾದಾಗ, ಅಂದರೆ ಒಟ್ಟು ಐದು ಬಾರಿ, ಮನೆಗೆ ಹೋಗಬೇಕು. ಕಿಂಗ್‌ಸ್ಟನ್ನಿನ ಮಗುವಿಗೆ ಎರಡು ವರ್ಷಗಳಲ್ಲಿ ನಿಗದಿಯಾಗಿದ್ದ ಭೇಟಿಗಳು ನೂರರ ಆಸುಪಾಸು.