ಅಪೀಲು ಹಾಕಿದರೆ ಡಿಕ್ರಿ ತಾನಾಗಿಯೇ ನಿಲ್ಲುತ್ತದೆಯೇ?

ಪ್ರಶ್ನೆ: ನಾವಿರುವ ಬಾಡಿಗೆ ಮನೆ ಖಾಲಿ ಮಾಡಬೇಕೆಂದು ಸಿವಿಲ್ ಕೋರ್ಟಿನಲ್ಲಿ ಡಿಕ್ರಿ (ತೀರ್ಪಿನ ಮೇಲಿನ ಆದೇಶ) ಆಗಿದೆ. ಅಪೀಲು ಹಾಕಿದ್ದೇವೆ, ನಂಬರೂ ಆಗಿದೆ. ಆದರೂ ಮಾಲೀಕರು ಅಮಲ್ಜಾರಿ ಅರ್ಜಿ (ಡಿಕ್ರಿ ಜಾರಿ ಮಾಡಿಸಿ ಎನ್ನುವ ಅರ್ಜಿ) ಹಾಕಿದ್ದಾರೆ. ಕೇಸು ಮೇಲಿನ ಕೋರ್ಟಿನಲ್ಲಿ ಇರುವಾಗ ಹೀಗೆ ಮಾಡಬಹುದಾ?

ಉತ್ತರ: ಮಾಡಬಹುದು. ಇವತ್ತೇ ನಿಮ್ಮ ವಕೀಲರನ್ನು ಕೇಳಿ: ಅಪೀಲಿನ ಜೊತೆ ತಡೆಯಾಜ್ಞೆಗೆ ಅರ್ಜಿ ಹಾಕಿದ್ದಾರಾ, ಅದರ ಮೇಲೆ ಆದೇಶ ಆಗಿದೆಯಾ?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಕಾರಣ ತೋರಿಸಿ, ಪ್ರಮಾಣಪತ್ರ (ಅಫಿಡವಿಟ್) ಸಮೇತ ಬೇರೆ ಅರ್ಜಿ ಹಾಕಬೇಕು. ಕೋರ್ಟು ಮೂರು ವಿಷಯ ನೋಡುತ್ತದೆ: ತಡೆ ಕೊಡದಿದ್ದರೆ ನಿಮಗೆ ದೊಡ್ಡ ನಷ್ಟ ಆಗುತ್ತದೆಯೇ, ಸುಮ್ನೆ ಕಾಲ ಕಳೆಯದೆ ಬಂದಿದ್ದೀರಾ, ಕೊನೆಗೆ ನೀವೇ ಸೋತರೆ ಡಿಕ್ರಿ ಪಾಲಿಸುತ್ತೀರಿ ಎನ್ನುವುದಕ್ಕೆ ಭದ್ರತೆ ಕೊಟ್ಟಿದ್ದೀರಾ.

ಭದ್ರತೆಯ ಮಾತು ಬಂದಾಗ ಬಹಳ ಜನ ಬೇಸರ ಪಡುತ್ತಾರೆ. ನನಗೆ ಅದು ನ್ಯಾಯ ಅನ್ನಿಸುತ್ತದೆ. ಎದುರಿನವರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಡಿಕ್ರಿ ಪಡೆದಿರುತ್ತಾರೆ, ಅಲ್ವಾ? ಹಣ ಕೊಡಬೇಕೆಂಬ ಡಿಕ್ರಿಯಾದರೆ ಸಾಮಾನ್ಯವಾಗಿ ಪೂರ್ತಿ ಹಣವನ್ನೋ ಒಂದು ಭಾಗವನ್ನೋ ಠೇವಣಿ ಇಡಲು ಹೇಳುತ್ತಾರೆ, ಇಲ್ಲವೇ ಜಾಮೀನು ಕೇಳುತ್ತಾರೆ.

ಮನೆ, ಅಂಗಡಿ ಖಾಲಿ ಮಾಡಿಸುವ ಡಿಕ್ರಿಯಲ್ಲಿ ಷರತ್ತು ಇನ್ನೂ ಬಿಗಿಯಾಗಬಹುದು. ದೆಹಲಿಯ ಕನಾಟ್ ಪ್ಲೇಸ್‌ನ ಒಂದು ಕಟ್ಟಡದ ಕೇಸಿನಲ್ಲಿ ಬಾಡಿಗೆ ತಿಂಗಳಿಗೆ 371 ರೂಪಾಯಿ 90 ಪೈಸೆ ಇತ್ತು. ಖಾಲಿ ಮಾಡಿಸುವ ಆದೇಶಕ್ಕೆ ತಡೆ ಬೇಕಾದರೆ ಆ ಬಾಡಿಗೆಯ ಜೊತೆಗೆ ತಿಂಗಳಿಗೆ 15,000 ರೂಪಾಯಿ ಕಟ್ಟಬೇಕು ಎಂದು ಅಪೀಲು ಕೇಳಿದ ನ್ಯಾಯಮಂಡಳಿ ಹೇಳಿತು. ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನೇ ಮತ್ತೆ ಊರ್ಜಿತ ಮಾಡಿತು. ಖಾಲಿ ಮಾಡಬೇಕೆಂದು ಆದೇಶವಾದ ಮೇಲೂ ಅಲ್ಲೇ ಇರುವವರು ಆ ಜಾಗಕ್ಕೆ ಈಗಿನ ದರದಲ್ಲಿ ಎಷ್ಟು ಬಾಡಿಗೆ ಬರುತ್ತದೋ ಅದಕ್ಕೆ ತಕ್ಕ ಹಣ ಕೊಡಬೇಕಾಗಬಹುದು ಎನ್ನುವುದು ಅದರ ಸಾರ. ಹಾಗಾಗಿ ತಡೆಯಾಜ್ಞೆ ಕೇಳುವ ಮೊದಲೇ ನಿಮ್ಮ ಕೈಲಿ ಎಷ್ಟು ಕಟ್ಟಲು ಆಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಷರತ್ತು ಒಪ್ಪಿ, ಆಮೇಲೆ ಕಂತು ತಪ್ಪಿಸಿದರೆ ತಡೆಯೂ ಹೋಗಬಹುದು.

ಅಪೀಲನ್ನೇ ಇನ್ನೂ ಹಾಕದವರಿಗೆ ಒಂದು ಮಾತು. ಅಪೀಲಿನ ಗಡುವು ಹೈಕೋರ್ಟಿಗಾದರೆ 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ತೀರ್ಪು, ಡಿಕ್ರಿಯ ನಕಲು ಸಿಗಲು ಹಿಡಿದ ಸಮಯವನ್ನು ಇದರಲ್ಲಿ ಸೇರಿಸುವುದಿಲ್ಲ. ಆ ಗಡುವಿನೊಳಗೆ, ಡಿಕ್ರಿ ಕೊಟ್ಟ ಕೋರ್ಟನ್ನೇ ಸ್ವಲ್ಪ ಕಾಲ ತಡೆ ಕೊಡಿ ಎಂದು ಕೇಳಬಹುದು. ಗಡುವು ಮುಗಿದ ಮೇಲೆ ಅಪೀಲು ಹಾಕಿದರೆ ಕಷ್ಟ ಜಾಸ್ತಿ. ಮಾಲೀಕರು ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಕೊಡುವ ಅರ್ಜಿ) ಹಾಕಿದ್ದರೆ ಅವರಿಗೆ ನೋಟಿಸ್ ಕೊಡದೆ ತಡೆ ಸಿಗುವುದಿಲ್ಲ. ಕೇವಿಯಟ್‌ನ ಅವಧಿ 90 ದಿನ.

ತಡೆ ಸಿಕ್ಕಿತು ಅಂತ ಮನೆಗೆ ಹೋಗಿ ಕೂರಬೇಡಿ. ಅದು ಜಾರಿ ಮಾಡುವ ಕೋರ್ಟಿಗೆ ತಿಳಿಯಬೇಕು. ಬೆಳಿಗ್ಗೆ ಮೇಲಿನ ಕೋರ್ಟಿನಲ್ಲಿ ಆದೇಶ ಆಗಿ, ಅದು ಕೆಳಗೆ ತಲುಪುವ ಮೊದಲೇ ಮಧ್ಯಾಹ್ನ ಅಮೀನರು (ಡಿಕ್ರಿ ಜಾರಿ ಮಾಡುವ ಕೋರ್ಟಿನ ನೌಕರರು) ಬೀಗ ತೆಗೆಸಿದರೆ ಏನು ಗತಿ? ಇದಕ್ಕಾಗಿಯೇ ಕಾನೂನಿನಲ್ಲಿ ಒಂದು ದಾರಿ ಇದೆ. ತಡೆಯಾಜ್ಞೆ ಆಗಿರುವುದು ನನಗೆ ಸ್ವತಃ ಗೊತ್ತು ಎಂದು ನೀವು ಪ್ರಮಾಣಪತ್ರ ಸಲ್ಲಿಸಿದರೆ, ಮೇಲಿನಿಂದ ಪ್ರತಿ ಬರುವವರೆಗೆ ಕೆಳಗಿನ ಕೋರ್ಟು ಅದನ್ನೇ ನಂಬಿ ನಡೆಯಬೇಕು. ಅದೇ ದಿನ ಸಲ್ಲಿಸಿ.

ತಡೆ 6 ತಿಂಗಳಿಗೆ ತಾನಾಗಿ ಮುಗಿಯುತ್ತದೆ ಎಂದು ಈಗಲೂ ಕೆಲವರು ಹೇಳುತ್ತಾರೆ. ಹಾಗೆ ಹೇಳಿದ್ದ 2018ರ ತೀರ್ಪನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 29ರಂದು ರದ್ದು ಮಾಡಿದೆ. ಆದರೆ ನಿಮ್ಮ ಆದೇಶದಲ್ಲೇ 'ಮುಂದಿನ ದಿನಾಂಕದವರೆಗೆ' ಎಂದಿದ್ದರೆ, ಆ ದಿನ ವಕೀಲರು ಹಾಜರಿದ್ದು ಮುಂದುವರಿಸಲು ಕೇಳಲೇಬೇಕು.

ಇನ್ನು ಮನೆಯ ಸ್ವಾಧೀನ ಆಗಲೇ ಹೋಗಿದ್ದರೆ ತಡೆ ಕೇಳಿ ಪ್ರಯೋಜನವಿಲ್ಲ. ಅಪೀಲಿನಲ್ಲಿ ಗೆದ್ದ ಮೇಲೆ ಸಂಹಿತೆಯ ಕಲಂ 144ರ ಕೆಳಗೆ ವಾಪಸ್ ಕೊಡಿಸಿ ಎಂದು ಅರ್ಜಿ ಹಾಕಬಹುದು.