ಒಂದು ನದಿ, ನಾಲ್ಕು ಸಲ ಊರು ಬದಲಿಸಿದ ರಾಜಧಾನಿ

ಬೆಳಗಾವಿ ಕಡೆಯಿಂದ ಫೋಂಡಾ ದಾಟಿ ಪಣಜಿಗೆ ಹೋಗುವ ಬಸ್ಸು ಹಳೇ ಗೋವಾದ ಹತ್ತಿರವೇ ಹಾದು ಬರುತ್ತದೆ. ದೊಡ್ಡ ದೊಡ್ಡ ಚರ್ಚುಗಳು, ಸುತ್ತ ತೆಂಗಿನ ಮರಗಳು, ಮನೆಗಳು ಮಾತ್ರ ಕಡಿಮೆ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಬಂದರೆ ಪಣಜಿಯ ಕದಂಬ ಬಸ್ ನಿಲ್ದಾಣ. ಗೋವಾದ ರಾಜಧಾನಿ ಬಂದದ್ದೂ ಇದೇ ದಾರಿಯಲ್ಲಿ. ಬಸ್ಸಿಗೆ ಅರ್ಧ ಗಂಟೆ ಸಾಕು, ಅದಕ್ಕೆ ಮಾತ್ರ ಎರಡೂವರೆ ಶತಮಾನ ಬೇಕಾಯಿತು.

ಅಂದಹಾಗೆ, ಬಸ್ ನಿಲ್ದಾಣದ ಆ ಕದಂಬರ ಹೆಸರು ಸುಮ್ನೆ ಬಂದದ್ದಲ್ಲ. ಗೋವಾ ಕದಂಬರಿಗೆ ನಮ್ಮ ಖಾನಾಪುರ ತಾಲೂಕಿನ ಹಲಸಿಯೂ ರಾಜಧಾನಿಯಾಗಿತ್ತು. ಸಮುದ್ರದ ಕಡೆ ಅವರ ರಾಜಧಾನಿ ಗೋಪಕಪಟ್ಟಣ, ಜುವಾರಿ ನದಿಯ ದಡದಲ್ಲಿ. ಅಲ್ಲಿ ಹೂಳು ತುಂಬಿತು, ಹಡಗು ಬರುವುದು ಕಷ್ಟವಾಯಿತು. ವ್ಯಾಪಾರ ಪಕ್ಕದ ಮಾಂಡವಿ ನದಿಗೆ ಸರಿಯಿತು. ಹಳೇ ಗೋವಾ ಬೆಳೆದದ್ದು ಹೀಗೆ. 1510ರಲ್ಲಿ ಪೋರ್ಚುಗೀಸರ ಸೇನಾನಿ ಅಲ್ಬುಕರ್ಕ್ ಅದನ್ನು ಬಿಜಾಪುರದ ಆದಿಲ್ ಶಾಹಿಗಳಿಂದ ಕಿತ್ತುಕೊಂಡ.

ಪೋರ್ಚುಗೀಸರು ಅಲ್ಲಿ ಭಾರಿ ನಗರ ಕಟ್ಟಿದರು. ಆದರೆ ಜನ ಜಾಸ್ತಿಯಾದಂತೆ ಕೊಳಚೆಯೂ ಜಾಸ್ತಿಯಾಯಿತು. ಮಣ್ಣಿಗಿಳಿದ ಕೊಳಕು ಬಾವಿಗೆ ಸೇರಿತು. 1543ರಲ್ಲೇ ಕಾಲರಾ ಬಡಿಯಿತು. ಆಮೇಲೆ ಜ್ವರ, ಮತ್ತೆ ಮತ್ತೆ ಸಾಂಕ್ರಾಮಿಕ. ಡಚ್ಚರು ಸಮುದ್ರ ವ್ಯಾಪಾರ ಕಸಿದದ್ದೂ ನಿಜ. ಆದರೂ ಊರನ್ನು ಖಾಲಿ ಮಾಡಿಸಿದ್ದು ಕುಡಿಯುವ ನೀರು ಅಂತಲೇ ನನಗೆ ಅನಿಸುತ್ತದೆ. ಫಿರಂಗಿಗಿಂತ ಬಾವಿಗೇ ಅವರು ಹೆಚ್ಚು ಹೆದರಬೇಕಿತ್ತು. 1695ರಲ್ಲಿ ವೈಸ್‌ರಾಯ್ ಪಕ್ಕದ ಪಣೇಲಿಂಗೆ ಹೊರಟ. 1759ರಲ್ಲಿ ಇನ್ನೂ ಕೆಳಗೆ, ಸಮುದ್ರದ ಗಾಳಿ ಬೀಸುವ ಪಣಜಿಗೆ.

ಪಣಜಿಯಲ್ಲಿ ವೈಸ್‌ರಾಯ್‌ಗೆ ಸಿಕ್ಕ ಮನೆ ಯಾವುದು ಗೊತ್ತಾ? ಬಿಜಾಪುರದ ಆದಿಲ್ ಶಾ ನದಿ ದಂಡೆಯಲ್ಲಿ ಕಟ್ಟಿಸಿದ್ದ ಅರಮನೆ. ಪೋರ್ಚುಗೀಸರ ಬಾಯಲ್ಲಿ ಈ ಆದಿಲ್ ಶಾ, ಅಂದರೆ ಆದಿಲ್ ಖಾನ್, 'ಇದಾಲ್ಕಾವ್' ಆಗಿದ್ದ.

ಆದರೆ ಆಗಿನ ಪಣಜಿ ಊರು ಅನ್ನುವಂತಿರಲಿಲ್ಲ. ಕೆಸರು, ತೋಡು, ತೆಂಗಿನ ತೋಟ, ಉಪ್ಪುನೀರು ನುಗ್ಗುವ ಗದ್ದೆ. ಗೋವಾದವರು ಇಂಥ ಗದ್ದೆಗೆ ಖಾಜನ್ ಅನ್ನುತ್ತಾರೆ. ಕುಮಟಾ ಕಡೆಯವರಿಗೆ ಬೇರೆ ವಿವರಣೆ ಬೇಡ, ಅವರ ಗಜನಿಯೇ ಇದು. ಮಣ್ಣಿನ ಕಟ್ಟೆ, ಅದಕ್ಕೊಂದು ಮರದ ಬಾಗಿಲು. ಭರತಕ್ಕೆ ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಉಪ್ಪು ತಾಳುವ ಭತ್ತವನ್ನೇ ಬೆಳೆಯುತ್ತಾರೆ, ಅಲ್ಲಿ ಕೊರ್ಗುಟ್, ಇಲ್ಲಿ ಕಗ್ಗ. ಹಳೇ ಗೋವಾ ದಾರಿಯಲ್ಲಿರುವ ರಿಬಂದರ್‌ನಿಂದ ಪಣಜಿಗೆ ಈ ಕೆಸರಿನ ಮೇಲೆಯೇ 1630ರ ದಶಕದಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ಕಲ್ಲಿನ ಸೇತುವೆ-ದಾರಿ ಕಟ್ಟಿದರು. ಅದರ ಮೇಲೆ ಇವತ್ತೂ ವಾಹನ ಓಡುತ್ತಿವೆ.

1826ರ ನಂತರ ಡೋಂ ಮನುಯೆಲ್ ದ ಪೋರ್ತುಗಾಲ್ ಇ ಕಾಸ್ತ್ರೊ ಎಂಬ ಅಧಿಕಾರಿ ಬಂದು ಕೆಸರಿಗೆ ಮಣ್ಣು ತುಂಬಿಸಿದ, ನೇರ ಬೀದಿಗಳನ್ನು ಹಾಕಿಸಿದ. 1843ರಲ್ಲಿ ಪಣಜಿ 'ನೋವಾ ಗೋವಾ', ಅಂದರೆ ಹೊಸ ಗೋವಾ ಎಂಬ ಹೆಸರಲ್ಲಿ ಅಧಿಕೃತ ರಾಜಧಾನಿಯಾಯಿತು.

ಗದ್ದೆಗೆ ಮಣ್ಣು ತುಂಬಬಹುದು, ಭರತಕ್ಕೆ ರಜೆ ಕೊಡಲು ಆಗುತ್ತದಾ? ಜೋರು ಮಳೆಯೂ ಭರತವೂ ಒಟ್ಟಿಗೆ ಬಂದರೆ ಚರಂಡಿ ನೀರಿಗೆ ನದಿಗಿಳಿಯಲು ಜಾಗವೇ ಇರುವುದಿಲ್ಲ. ನೀರು ರಸ್ತೆಯಲ್ಲೇ ನಿಲ್ಲುತ್ತದೆ. ಊರಿನ ನಡುವಿನ ಸಾಂತ್ ಇನೆಜ್ ತೋಡು ಕೊಳಚೆ ಹೊತ್ತು ನದಿಗೆ ಹೋಗುತ್ತದೆ. ಹಳೇ ಗೋವಾದ ಕಾಯಿಲೆ ನೆನಪಾಗದೆ ಇರುವುದಿಲ್ಲ. 2011ರ ಜನಗಣತಿ ಪ್ರಕಾರ ಪಣಜಿಯ ಜನಸಂಖ್ಯೆ ಸುಮಾರು 40 ಸಾವಿರ. ನಮ್ಮಲ್ಲಿ ಎಷ್ಟೋ ತಾಲೂಕು ಕೇಂದ್ರಗಳು ಇದಕ್ಕಿಂತ ದೊಡ್ಡವು, ಅಲ್ವಾ?

1986ರ ಜುಲೈ 5ರಂದು ಮಾಂಡವಿಯ ಸೇತುವೆ ಕುಸಿದುಬಿತ್ತು. ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಮತ್ತೆ ದೋಣಿಯೇ ಗತಿ. 1992ರಲ್ಲಿ ಇನ್ನೊಂದು ಸೇತುವೆ ಬಂತು, 2019ರಲ್ಲಿ ಮತ್ತೊಂದು, ಅಟಲ್ ಸೇತು. ಅಷ್ಟರಲ್ಲಿ ಸರ್ಕಾರವೇ ನದಿ ದಾಟಿತ್ತು. 2000ದಲ್ಲಿ ವಿಧಾನಸಭೆ ಎದುರು ದಡದ ಪರ್ವರಿ ಗುಡ್ಡ ಹತ್ತಿತು. ಸಚಿವಾಲಯವೂ ಈಗ ಅಲ್ಲೇ. 2021ರಲ್ಲಿ ಹೈಕೋರ್ಟ್ ಪೀಠವೂ ಹೋಯಿತು. ಮಕ್ಕಳಿಗೆ ಶಾಲೆಯಲ್ಲಿ ಗೋವಾದ ರಾಜಧಾನಿ ಪಣಜಿ ಎಂದೇ ಹೇಳಿಕೊಡುತ್ತಾರೆ, ಕಾಗದದ ಮೇಲೆ ಅದು ಸರಿಯೂ ಹೌದು.

ಈ ಮಾಂಡವಿ ಹುಟ್ಟುವುದು ಖಾನಾಪುರ ತಾಲೂಕಿನ ಕಾಡಿನಲ್ಲಿ. ನಾವು ಮಹದಾಯಿ ಅನ್ನುವುದು ಇದನ್ನೇ. ನರಗುಂದ, ನವಲಗುಂದದವರಿಗೆ ಇದು ಕುಡಿಯುವ ನೀರಿನ ಮಾತು. ಮೇಲೆ ನೀರು ತಿರುಗಿಸಿದರೆ ಉಪ್ಪುನೀರು ಇನ್ನಷ್ಟು ಒಳಗೆ ಬರುತ್ತದೆ ಎಂಬುದು ಗೋವಾದವರ ಭಯ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಜಗಳ ಮುಗಿದಿಲ್ಲ.

ಆದಿಲ್ ಶಾನ ಅರಮನೆಯಲ್ಲಿ ಈಗ ಆಡಳಿತವಿಲ್ಲ, ಡಿಸೆಂಬರ್‌ನಲ್ಲಿ ಕಲಾ ಪ್ರದರ್ಶನ ನಡೆಯುತ್ತದೆ. ಎದುರಿನ ನದಿಯಲ್ಲಿ ಕ್ಯಾಸಿನೊ ಹಡಗುಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಪಕ್ಕದಲ್ಲೇ ಎದುರು ದಡದ ಬೆತಿಂಗೆ ಹೋಗುವ ಸರ್ಕಾರಿ ಫೆರಿ ಸಾಗುತ್ತದೆ. ನಡೆದು ಬಂದವರಿಗೆ ಟಿಕೆಟ್ ಇಲ್ಲ.