ದಿಲ್ಲಿಯ ಆ ಎರಡು ನಿಮಿಷ

"ಸುಪ್ರೀಂಗೆ ಹಾಕಿಬಿಡಿ ಲಾಯರಮ್ಮ. ಅಲ್ಲಾದ್ರೂ ನ್ಯಾಯ ಸಿಗುತ್ತೆ."

ಹೈಕೋರ್ಟಿನಲ್ಲಿ ಸೋತ ದಿನ ಅಟ್ಟಾರ ಕಚೇರಿಯ ಆ ಕೆಂಪು ಕಟ್ಟಡದಿಂದ ಹೊರಗೆ ಬಂದು, ಕಬ್ಬನ್ ಪಾರ್ಕಿನ ಮರದ ನೆರಳಲ್ಲಿ ನಿಂತು ಈ ಮಾತು ಹೇಳದ ಕಕ್ಷಿದಾರರು ಕಡಿಮೆ. ಮಾಗಡಿ ಕಡೆಯ ಒಬ್ಬ ಯಜಮಾನರು ಕೂಡ ಹೀಗೇ ಹೇಳಿದರು. ಅಣ್ಣ ತಮ್ಮಂದಿರ ಪಾಲಿನ ದಾವೆ. ಮಾಗಡಿ ಕೋರ್ಟು, ರಾಮನಗರದ ಜಿಲ್ಲಾ ಕೋರ್ಟು, ಆಮೇಲೆ ಹೈಕೋರ್ಟಿನಲ್ಲಿ ಎರಡನೇ ಮೇಲ್ಮನವಿ. ಮೂರೂ ಕಡೆ ಸೋತಿದ್ದರು. ಮೆಟ್ಟಿಲು ಇನ್ನೊಂದಿದೆ, ಹತ್ತಿದರಾಯಿತು ಎಂದು ಅವರ ಲೆಕ್ಕ.

ಆ ಮೆಟ್ಟಿಲು ಉಳಿದವುಗಳ ಥರ ಅಲ್ಲ ಎಂದು ವಿವರಿಸುವುದೇ ನನ್ನ ಕೆಲಸದ ಕಷ್ಟದ ಭಾಗ. ಮಾಗಡಿಯ ತೀರ್ಪಿನ ಮೇಲೆ ರಾಮನಗರಕ್ಕೆ ಹೋಗುವುದು ಅವರ ಹಕ್ಕು. ಸುಪ್ರೀಂ ಕೋರ್ಟಿಗೆ ಹೋಗುವಾಗ ನಾವು ಮೊದಲು ಕೇಳುವುದು ಮೇಲ್ಮನವಿ ಹಾಕಲು ಅನುಮತಿ. ಅದಕ್ಕೇ ಅದರ ಹೆಸರು ವಿಶೇಷ ಅನುಮತಿ ಅರ್ಜಿ. ವಕೀಲರ ಬಾಯಲ್ಲಿ ಎಸ್‌ಎಲ್‌ಪಿ. ಸಂವಿಧಾನದ 136ನೇ ವಿಧಿ ಹೇಳುವುದು ಇಷ್ಟೇ: ಕೋರ್ಟು ತನ್ನ ವಿವೇಚನೆಯಂತೆ ಅನುಮತಿ ಕೊಡಬಹುದು. ಕೊಡಲೇಬೇಕು ಎಂದಿಲ್ಲ.

ಅಲ್ಲಿಗೆ ಹೋಗಲು ಬೇರೆ ಬಾಗಿಲುಗಳೂ ಇವೆ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ನೇರವಾಗಿ ಹೋಗಬಹುದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೋದದ್ದು ಹೀಗೆ. ಆ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೇ 2017ರಲ್ಲಿ 9 ನ್ಯಾಯಮೂರ್ತಿಗಳು ಕೂತು, ಖಾಸಗಿತನ ಮೂಲಭೂತ ಹಕ್ಕು ಎಂದರು. ರಾಜ್ಯ ರಾಜ್ಯಗಳ ಜಗಳಕ್ಕೆ 131ನೇ ವಿಧಿ ಇದೆ. ಇದು ಸುಪ್ರೀಂ ಕೋರ್ಟು ಕೇಳಬೇಕಾದ ಕೇಸು ಎಂದು ಹೈಕೋರ್ಟೇ ಪ್ರಮಾಣಪತ್ರ ಕೊಟ್ಟು ಕಳಿಸುವ ದಾರಿಯೂ ಇದೆ. ಆದರೆ ಸಾಮಾನ್ಯ ಜನ ಹೆಚ್ಚಾಗಿ ತಟ್ಟುವುದು 136ರ ಬಾಗಿಲನ್ನೇ.

ಆ ಬಾಗಿಲಿನ ಶಕ್ತಿ ಎಂಥದ್ದು ಗೊತ್ತಾ? ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪಿನ ಮೇಲೆ ಮೇಲ್ಮನವಿಯೇ ಇಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತ್ತು. ಕಾನೂನಿನಲ್ಲಿ ಆ ತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ, ಹಾಗಿರುವಾಗ ಮತ್ತೆ ಯಾಕೆ ಕೇಳಬೇಕು ಎಂದು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಸಂವಿಧಾನ ಕೊಟ್ಟ 136ರ ಅಧಿಕಾರವನ್ನು ಸಾಧಾರಣ ಕಾಯ್ದೆ ಕಿತ್ತುಕೊಳ್ಳಲಾರದು ಎಂದಿತು. ಹಾಗಾಗಿಯೇ 2018ರ ಫೆಬ್ರವರಿಯ ತೀರ್ಪು ಬಂತು. ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಯಜಮಾನರು ತಟ್ಟಲು ಹೊರಟದ್ದೂ ಅದೇ ಬಾಗಿಲನ್ನ.

ಹಾಗಾದರೆ ಯಾವ ಕೇಸು ಒಳಗೆ ಹೋಗುತ್ತೆ? ಬರೆದಿಟ್ಟ ಪಟ್ಟಿ ಇಲ್ಲ. 1950ರಲ್ಲೇ, ಕೋರ್ಟು ಶುರುವಾದ ವರ್ಷ, ಪ್ರೀತಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದರು: ಸಂದರ್ಭ ಅಸಾಧಾರಣವಾಗಿರಬೇಕು, ಗಂಭೀರವಾದ ಅನ್ಯಾಯ ಆಗಿರಬೇಕು. ಇದಕ್ಕೊಂದು ನಿಯಮಾವಳಿ ಮಾಡೋಣ ಎಂಬ ಪ್ರಶ್ನೆ ಮುಂದೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೂ ಹೋಯಿತು. 2016ರಲ್ಲಿ ಪೀಠ ಬೇಡ ಎಂದಿತು. ವಿವೇಚನೆಗೆ ಬೇಲಿ ಹಾಕಲು ಅವರಿಗೆ ಇಷ್ಟವಿರಲಿಲ್ಲ.

ಆದರೂ ಅನುಭವದಿಂದ ಒಂದಿಷ್ಟು ಗೊತ್ತಾಗುತ್ತೆ. ಒಂದೇ ಕಾನೂನಿಗೆ ಎರಡು ಹೈಕೋರ್ಟುಗಳು ಬೇರೆ ಬೇರೆ ಅರ್ಥ ಹೇಳಿದ್ದರೆ ಕಿವಿ ನಿಮಿರುತ್ತದೆ. ಉತ್ತರ ಸಾವಿರಾರು ಜನಕ್ಕೆ ತಾಕುವಂತಿದ್ದರೆ ಕೇಳುತ್ತಾರೆ. ಜೈಲಿನಲ್ಲಿರುವವನ ಜಾಮೀನಿನ ಅರ್ಜಿಯನ್ನೂ ಗಮನವಿಟ್ಟು ನೋಡುತ್ತಾರೆ. ಹೈಕೋರ್ಟ್ ಕಾರಣವನ್ನೇ ಕೊಡದೆ ಆದೇಶ ಮಾಡಿದ್ದರೆ ಆಸೆ ಇದೆ. ಆದರೆ ಮೂರು ಕೋರ್ಟುಗಳು ಸಾಕ್ಷ್ಯ ನೋಡಿ ಒಂದೇ ಮಾತು ಹೇಳಿದ್ದರೆ, "ನಮ್ಮ ಸಾಕ್ಷಿಯನ್ನ ಸರಿಯಾಗಿ ನೋಡಲಿಲ್ಲ" ಎಂಬ ವಾದಕ್ಕೆ ಅಲ್ಲಿ ಜಾಗ ತೀರಾ ಕಡಿಮೆ. ತೀರ್ಪು ತಪ್ಪಿರಬಹುದು. ಅಲ್ಲಿನ ಪ್ರಶ್ನೆ ಬೇರೆ: ಇದನ್ನು ನಾವೇ ಯಾಕೆ ಕೇಳಬೇಕು?

ಯಜಮಾನರ ಕೇಸಿನಲ್ಲಿ ಇನ್ನೂ ಒಂದು ಗಂಟು ಇತ್ತು. ನನ್ನ ಆಫೀಸಿಗೆ ಬಂದವರು ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು. ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಕೆಳಗೆ ಪಂಚರ ರುಜು, ಎರಡು ಹೆಬ್ಬೆಟ್ಟು. ತಂದೆಯ ಕಾಲದ ಪಂಚಾಯ್ತಿ ಪಾಲುಪಟ್ಟಿ! "ಇದನ್ನ ಮಾಗಡಿಯಲ್ಲಿ ಯಾಕೆ ಹಾಜರು ಮಾಡಲಿಲ್ಲ ಯಜಮಾನ್ರೇ?" ಎಂದೆ. "ಟ್ರಂಕಿನಲ್ಲಿ ಭದ್ರವಾಗಿಟ್ಟಿದ್ದೆ ಕಣಮ್ಮ. ದೊಡ್ಡ ಕೋರ್ಟಲ್ಲಿ ತೋರಿಸೋಣ ಅಂತ."

ನನಗೆ ಗಂಟಲು ಕಟ್ಟಿತು. ಎಸ್‌ಎಲ್‌ಪಿ ನಿಲ್ಲಬೇಕಾದದ್ದು ಕೆಳಗಿನ ಕೋರ್ಟಿನ ದಾಖಲೆಯ ಮೇಲೆ. ಹೊಸ ಕಾಗದ ಇಡಬೇಕೆಂದರೆ ಅದಕ್ಕೇ ಬೇರೆ ಅನುಮತಿ ಕೇಳಬೇಕು. ಸುಮ್ನೆ ಸಿಗುವುದಲ್ಲ.

ಬೇಡ ಎಂದು ಹೇಳಿದೆ. ಅವರು ಕೇಳಲಿಲ್ಲ. ಹೈಕೋರ್ಟ್ ತೀರ್ಪಿನಿಂದ 90 ದಿನದೊಳಗೆ ಹಾಕಬೇಕು. ಮಾಗಡಿಯ ಕನ್ನಡದ ದಾಖಲೆಗಳೆಲ್ಲ ಇಂಗ್ಲಿಷಿಗೆ ಹೋಗಬೇಕು. ದಿಲ್ಲಿಯಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಲು ನೋಂದಾಯಿತರಾದ ವಕೀಲರು ಒಬ್ಬರು ಬೇಕು, ಅವರ ರುಜು ಇಲ್ಲದೆ ಅರ್ಜಿ ಒಳಗೆ ಹೋಗದು. ಕೋರ್ಟಿನ ಕಚೇರಿ, ಅಂದರೆ ರಿಜಿಸ್ಟ್ರಿಯವರು ಹೇಳುವ ಲೋಪಗಳನ್ನೆಲ್ಲ ಸರಿಪಡಿಸಬೇಕು. ನ್ಯಾಯಮೂರ್ತಿಗಳು ಆರಿಸುವ ಮೊದಲೇ ದೂರ, ಭಾಷೆ, ದುಡ್ಡು ಎಷ್ಟೋ ಕೇಸುಗಳನ್ನ ಜರಡಿ ಹಿಡಿದು ಬಿಟ್ಟಿರುತ್ತವೆ. ಕೈಯಲ್ಲಿ ಕಾಸಿಲ್ಲದವರಿಗೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಕೇಳುವ ಹಕ್ಕಿದೆ. ಸುಪ್ರೀಂ ಕೋರ್ಟಿನ ಕೇಸಿಗೂ ಅದು ಸಿಗುತ್ತೆ. ಇದು ಗೊತ್ತಿಲ್ಲದೆ ಎಷ್ಟು ಜನ ಹೊಲ ಅಡವಿಟ್ಟಿದ್ದಾರೋ.

ಹೊಸ ಅರ್ಜಿಗಳಿಗೆ ಸೋಮವಾರ, ಶುಕ್ರವಾರ ಎಂಬುದು ಅಲ್ಲಿನ ಹಳೇ ರೂಢಿ. ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಒಂದೇ ದಿನಕ್ಕೆ ಹತ್ತಾರು ಕೇಸು. ಕಡತಗಳನ್ನು ಮನೆಯಲ್ಲೇ ಓದಿಕೊಂಡು ಬಂದಿರುತ್ತಾರೆ. ಅಂದು ನನ್ನ ಆಫೀಸಿನ ಲ್ಯಾಪ್‌ಟಾಪಿನ ಮುಂದೆ ಯಜಮಾನರು ಬಿಳಿ ಪಂಚೆ ಉಟ್ಟು ಕೂತಿದ್ದರು. ನಮ್ಮ ಐಟಂ ನಂಬರ್ ಕರೆದರು. ದಿಲ್ಲಿಯ ವಕೀಲರು ಬಾಯಿ ತೆರೆದರು. "ಮೂರು ಕೋರ್ಟುಗಳೂ ಒಂದೇ ತೀರ್ಮಾನಕ್ಕೆ ಬಂದಿವೆಯಲ್ಲ?" ಎಂದು ಪೀಠ ಕೇಳಿತು. ವಕೀಲರು ಇನ್ನೊಂದು ವಾಕ್ಯ ಹೇಳಿದರು. ಮಧ್ಯಪ್ರವೇಶಿಸಲು ಕಾರಣ ಕಾಣುತ್ತಿಲ್ಲ, ವಜಾ. ಎರಡು ನಿಮಿಷ ಆಗಿರಬೇಕು. ಯಜಮಾನರು ಪರದೆಯನ್ನೇ ನೋಡುತ್ತಿದ್ದರು. ಅಷ್ಟೊತ್ತಿಗೆ ಅಲ್ಲಿ ಬೇರೆಯವರ ಕೇಸು ನಡೆಯುತ್ತಿತ್ತು. "ನಮ್ಮದು ಯಾವಾಗ ಕರೀತಾರಮ್ಮ?" ಎಂದರು.

ಇದನ್ನು ಬರೆಯುವುದು ಕೋರ್ಟನ್ನು ದೂರಲು ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 9 ನ್ಯಾಯಮೂರ್ತಿಗಳು ಮುಚ್ಚಿದ ಕೋಣೆಯಲ್ಲಿ ಕೂತು ಆರಿಸುತ್ತಾರೆ. ಅವರಲ್ಲಿ 4 ಮಂದಿ ಕೇಳೋಣ ಎಂದರೆ ಸಾಕು. ವರ್ಷಕ್ಕೆ ಸಾವಿರಾರು ಅರ್ಜಿ ಬಂದರೂ ಅವರು ಪೂರ್ತಿ ವಾದ ಕೇಳುವುದು 60-70 ಕೇಸುಗಳನ್ನು. ಆಯ್ಕೆಯ ಹಂತದಲ್ಲಿ ವಕೀಲರಿಗೆ ಮಾತನಾಡಲು ಅವಕಾಶವೇ ಇಲ್ಲ. ನಮ್ಮಲ್ಲಿ ಮಾಗಡಿಯ ರೈತನ ಪರವಾಗಿಯೂ ಒಬ್ಬರು ಎದ್ದು ನಿಂತು ತೆರೆದ ಕೋರ್ಟಿನಲ್ಲಿ ಮಾತಾಡುತ್ತಾರೆ. ಇದು ದೊಡ್ಡ ವಿಷಯ, ಇದನ್ನು ಬಿಡಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ವಜಾ ಮಾಡುವಾಗ ಎರಡು ಸಾಲು ಕಾರಣ ಬರೆಯಬೇಕು. ಎಲ್ಲದಕ್ಕೂ ಕಾರಣ ಬರೆಯುತ್ತ ಕೂತರೆ ಬಾಕಿ ಕೇಸುಗಳ ಗತಿ ಏನು ಎನ್ನುವವರಿದ್ದಾರೆ. ಅದೂ ನಿಜವೇ. ಆದರೂ ಹದಿನೇಳು ವರ್ಷ ಕಾದವರಿಗೆ ಎರಡು ಸಾಲು ಜಾಸ್ತಿ ಆಗುತ್ತಾ?

"ಹಂಗಾದ್ರೆ ಹೈಕೋರ್ಟ್ ಹೇಳಿದ್ದು ಸರಿ ಅಂತ ಸುಪ್ರೀಂ ಒಪ್ಪಿಕೊಂಡಂಗೆ ಅಲ್ವಾ?" ಎಂದು ಯಜಮಾನರು ಆಮೇಲೆ ಕೇಳಿದರು. ಅಲ್ಲ. ಇದು ಅನೇಕ ವಕೀಲರೂ ಎಡವುವ ಜಾಗ. ಕಾರಣ ಕೊಡದೆ ಎಸ್‌ಎಲ್‌ಪಿ ವಜಾ ಆದರೆ, ಅನುಮತಿ ಕೊಡಲಿಲ್ಲ ಎಂದಷ್ಟೇ ಅರ್ಥ. ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಾಗಿ ಬದಲಾಗುವುದಿಲ್ಲ. 2000ದ ಕುಂಞಯಮ್ಮದ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. 2019ರಲ್ಲಿ ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ನಡುವಿನ ಕೇಸಿನಲ್ಲಿ, ಅಂದರೆ ನಮ್ಮ ಕಡೆಯದೇ ಕೇಸಿನಲ್ಲಿ, ಮತ್ತೆ ಅದನ್ನೇ ಎತ್ತಿ ಹಿಡಿದರು. ಹಾಗಾಗಿ ಹೈಕೋರ್ಟಿನಲ್ಲೇ ಮರುಪರಿಶೀಲನಾ ಅರ್ಜಿ ಹಾಕುವ ದಾರಿ ಮುಚ್ಚಿಹೋಗುವುದಿಲ್ಲ. ಆದರೆ ಹೊಸ ದಾಖಲೆಯ ಮೇಲೆ ಮರುಪರಿಶೀಲನೆ ಬೇಕೆಂದರೆ, ಎಷ್ಟು ಹುಡುಕಿದರೂ ಮೊದಲು ಅದು ಸಿಕ್ಕಿರಲಿಲ್ಲ ಎಂದು ತೋರಿಸಬೇಕು. ಟ್ರಂಕಿನಲ್ಲೇ ಇದ್ದ ಕಾಗದಕ್ಕೆ ಆ ಮಾತು ಹೇಗೆ ಹೇಳಲಿ?

ಈ ವರ್ಷ ಯಜಮಾನರು ಮತ್ತೆ ಬಂದಿದ್ದರು. ಈ ಸಲ ಜೊತೆಗೆ ಅಕ್ಕನ ಮಗ. ಅವನದೊಂದು ದಾರಿ ತಕರಾರು ಮಾಗಡಿ ಕೋರ್ಟಿನಲ್ಲಿ ಈಗಷ್ಟೇ ಶುರುವಾಗಿದೆ, ಸಾಕ್ಷಿ ವಿಚಾರಣೆ ಇನ್ನೂ ಆಗಿಲ್ಲ. ಹುಡುಗ ಬಾಯಿ ತೆರೆಯುವ ಮೊದಲೇ ಯಜಮಾನರು ಅವನ ಚೀಲದಿಂದ ಹಳೇ ಕ್ರಯಪತ್ರ, ಪಹಣಿ, ಸರ್ವೆ ನಕ್ಷೆ ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಹರವಿದರು.

"ಎಲ್ಲಾನೂ ಈಗಲೇ ಹಾಕಿಬಿಡಿ ಲಾಯರಮ್ಮ" ಎಂದರು.